ಯುಗಾದಿಗೆ ಡ್ಯೂಟಿ, ವರ್ಷತೊಡಕಿಗೆ ಜ್ವರ

ಏನ್ ಸ್ವಾಮಿ, ಹೊಸ ಕ್ಯಾಲೆಂಡರ್ ಮನೆಗೆ ಬಂದ್ರೆ ಮೊದಲು ಏನು ನೋಡ್ತೀರಿ? ರಾಹುಕಾಲನಾ? ಸುಳ್ಳು ಹೇಳ್ಬೇಡಿ. ಕೆಂಪಕ್ಷರ ಎಣಿಸ್ತೀರಿ. ಹಬ್ಬ ಭಾನುವಾರ ಬಿದ್ದಿದ್ರೆ ಕ್ಯಾಲೆಂಡರ್ ಕೊಟ್ಟ ಅಂಗಡಿಯವನಿಗೇ ಶಾಪ. (ಪಾಪ, ಅವನೇನು ಪಂಚಾಂಗ ಬರೆದ್ನಾ?)

ಇಷ್ಟು ಎಣಿಸೋರು ಕಾನೂನಲ್ಲಿ ನಿಮಗೆಷ್ಟಿದೆ ಅಂತ ಎಣಿಸಿದ್ದೀರಾ? ದಾಬಸ್‌ಪೇಟೆ ಫ್ಯಾಕ್ಟರೀಲಿರಿ, ದೊಡ್ಡಬಳ್ಳಾಪುರದ ಗಾರ್ಮೆಂಟ್ಸಲ್ಲಿರಿ, ನಮ್ಮ ರಾಜ್ಯದಲ್ಲಿ 1963ರದ್ದೊಂದು ಕಾಯ್ದೆ ಇದೆ. ಹೆಸರು ಗೂಡ್ಸ್ ರೈಲಿನಷ್ಟುದ್ದ: ಕರ್ನಾಟಕ ಕೈಗಾರಿಕಾ ಸಂಸ್ಥೆಗಳ (ರಾಷ್ಟ್ರೀಯ ಮತ್ತು ಹಬ್ಬದ ರಜೆಗಳು) ಅಧಿನಿಯಮ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಖಾಯಂ. ಹಬ್ಬಕ್ಕೆ ಅಂತ ಇನ್ನೈದು. ಒಟ್ಟು 10, ಸಂಬಳ ಸಮೇತ.

ಆ ದಿನವೇ ಕೆಲಸಕ್ಕೆ ಕರೆದ್ರಾ? ಒಂದೋ ಡಬಲ್ ಸಂಬಳ, ಇಲ್ಲಾ ಆ ದಿನದ ಸಂಬಳದ ಜೊತೆಗೆ ಸಂಬಳ ಕಟ್ಟಾಗದ ಬದಲಿ ರಜೆ. ಯಾವುದು ಬೇಕು ಅನ್ನೋದು ನಿಮ್ಮಿಷ್ಟ. (ಎರಡೂ ಬೇಕು ಅಂತ ಹಲ್ಲು ಕಿರೀಬೇಡಿ, ಕಂಡೆ.)

ನಮ್ಮ ಸೀಮೆಯೋರಿಗೇ ಅಳತೆ ತಗೊಂಡು ಹೊಲಿದಂಗಿದೆ ಈ ಕಾನೂನು! ಯುಗಾದಿ ದಿನ ಏನಿರುತ್ತೆ ಹೇಳಿ? ಎಣ್ಣೆಸ್ನಾನ, ಬೇವು-ಬೆಲ್ಲ, ಒಬ್ಬಟ್ಟು. ನಿಜವಾದ ಹಬ್ಬ ಮಾರನೇ ದಿನದ ವರ್ಷತೊಡಕು. ವರ್ಷವಿಡೀ ಮಟನ್ ಚೀಟಿ ಕಟ್ಟಿ, ಕೋಳಿ ಕೂಗೋ ಹೊತ್ತಿಗೆ ಗುಡ್ಡೆ ಬಾಡಿನ ಮುಂದೆ ಪಾತ್ರೆ ಹಿಡಿದು ನಿಲ್ಲೋರು ನಾವು. ಆದ್ರೆ ಅದಕ್ಕೆ ಕೆಂಪಕ್ಷರ ಎಲ್ಲಿದೆ?

ಯುಗಾದಿ ನಿಮ್ಮ ಫ್ಯಾಕ್ಟರಿ ರಜೆಪಟ್ಟೀಲಿದೆ ಅನ್ಕೊಳ್ಳಿ. ಅವತ್ತು ಡ್ಯೂಟಿ ಮಾಡಿ, ಬದಲಿ ರಜೆ ಮಾರನೇ ದಿನಕ್ಕೇ ಕೊಡಿ ಅಂತ ನೆಟ್ಟಗೆ ಕೇಳಬಹುದಲ್ವಾ? ಕೇಳ್ತೀರಾ? ಊಹೂಂ. ಕೇಳೋಕೆ ನಾಚಿಕೆ. ಸುಳ್ಳು ಹೇಳೋಕೆ ಮಾತ್ರ ನಾಚಿಕೆ ಇಲ್ಲ.

ಯುಗಾದಿಗೆ ಡಬಲ್ ಬರೆಸಿಕೊಂಡು, ಮಾರನೇ ಬೆಳಿಗ್ಗೆ ಸೂಪರ್‌ವೈಸರ್‌ಗೆ ಫೋನು. ‘ಸಾರ್... ಜ್ವರ ಸಾರ್.’ (ಮಧ್ಯೆ ಎರಡು ಕೆಮ್ಮು, ಜ್ವರದ ಜೊತೆ ಫ್ರೀ.) ಅಷ್ಟರಲ್ಲಿ ಅಡುಗೆಮನೇಲಿ ಮನೆಯವರು ಮಸಾಲೆಗೆ ಮಿಕ್ಸಿ ಹಾಕ್ಬೇಕಾ?

‘ಏನ್ರೀ ಅದು ಸದ್ದು?’

‘ನೆಬ್ಯುಲೈಸರ್ ಸಾರ್.’

‘ಅಯ್ಯೋ, ಹುಷಾರು ಕಣ್ರೀ. ನಂಗೂ ಯಾಕೋ ಮೈ ಬಿಸಿ, ನಾನೂ ಬರ್ತಿಲ್ಲ’ ಅಂದ್ರು ಅವರು. ಹಿಂದುಗಡೆ ಅವರ ಮನೆ ಕುಕ್ಕರ್ ಮೂರನೇ ಸಲ ಕೂಗ್ತು.