‘ಸರ್ಕಾರವನ್ನು ನಂಬಿ ಕೆಟ್ಟವನು ನಾನು’: ಸತ್ತ ಸಾವಿರದ ನೋಟಿನ ಸಂದರ್ಶನ

ಶಿಕಾರಿಪುರ ತಾಲ್ಲೂಕಿನ ಅಂಬ್ಲಿಗೊಳದಲ್ಲೊಂದು ಹೆಂಚಿನ ಮನೆ. ಅಟ್ಟದ ಮೇಲೆ ಕಬ್ಬಿಣದ ಟ್ರಂಕು. ಟ್ರಂಕಿನಲ್ಲಿ ಅಡಿಕೆ ಮಂಡಿಯ ಹಳೇ ಲೆಕ್ಕದ ಪುಸ್ತಕ, ಅದರ ಹಾಳೆಗಳ ನಡುವೆ ಒಂದು ಸಾವಿರದ ನೋಟು. ಗಂಡನ ಕಣ್ಣು ತಪ್ಪಿಸಿ ಅಜ್ಜಿ ಬಚ್ಚಿಟ್ಟದ್ದು. ಎಲ್ಲಿಟ್ಟೆ ಎಂಬುದು ಅಜ್ಜಿಗೆ ನೆನಪಾಗುವಷ್ಟರಲ್ಲಿ 2016 ಮುಗಿದಿತ್ತು. ಈಚೆಗೆ ಬೆಂಗಳೂರಿನ ಮೊಮ್ಮಗ ತನ್ನ ಬಿಟ್‌ಕಾಯಿನ್‌ನ ಗುಪ್ತ ಪದಗಳನ್ನು ಚೀಟಿಯಲ್ಲಿ ಬರೆದು ಇದೇ ಟ್ರಂಕಿನಲ್ಲಿಟ್ಟು ಹೋಗಿದ್ದಾನೆ. ಚೀಟಿಯ ಸಹವಾಸದಿಂದ ನೋಟು ಈಗ ಕಟ್ಟಾ ಕ್ರಿಪ್ಟೋವಾದಿ. ಮಾತಾಡಲು ಒಪ್ಪಿತು, ಒಂದೇ ಷರತ್ತಿನ ಮೇಲೆ: ಯಾರೂ ತನ್ನನ್ನು ‘ರದ್ದಿ’ ಎನ್ನಬಾರದು.

ಪ್ರಶ್ನೆ: ನಮಸ್ಕಾರ. ಹೇಗಿದ್ದೀರಿ?

ನೋಟು: ಹೇಗಿರ್ತೀನಿ ಮಾರಾಯ್ರೆ! ಒಬ್ಬನೇ ಇದ್ದೀನಿ, ಅದೇ ಪುಣ್ಯ. 2017ರಲ್ಲೊಂದು ಕಾನೂನು ಮಾಡಿದ್ದಾರೆ. ನನ್ನಂಥವರು 10 ಜನ ಒಟ್ಟಿಗಿದ್ದರೆ ಪರವಾಗಿಲ್ಲ, 11ನೆಯವನು ಬಂದು ಕೂತರೆ ಅಪರಾಧ. ದಂಡ ಕನಿಷ್ಠ 10,000 ರೂಪಾಯಿ. ನಮಗೆ ಬೆಲೆಯೇ ಇಲ್ಲ ಅಂದವರು ನಮ್ಮ ಹೆಸರಲ್ಲಿ ದಂಡ ಎತ್ತೋದು ಮಾತ್ರ ಬಿಟ್ಟಿಲ್ಲ.

ಪ್ರಶ್ನೆ: ಸರ್ಕಾರದ ಮೇಲೆ ಇಷ್ಟೊಂದು ಸಿಟ್ಟೇಕೆ?

ನೋಟು: ನನ್ನ ಹಣೆಯ ಮೇಲೆ ಏನಿದೆ ಓದಿ. ಇದನ್ನು ತಂದವರಿಗೆ ಸಾವಿರ ರೂಪಾಯಿ ಕೊಡುತ್ತೇನೆ ಅಂತ ರಿಸರ್ವ್ ಬ್ಯಾಂಕ್ ಗವರ್ನರ್ ಮಾತು ಕೊಟ್ಟು ರುಜು ಹಾಕಿದ್ದಾರೆ. 2016ರ ನವೆಂಬರ್ 8ರ ರಾತ್ರಿ 8 ಗಂಟೆಗೆ ಟಿವಿಯಲ್ಲಿ ಭಾಷಣ ಶುರುವಾಯ್ತು, ಮಧ್ಯರಾತ್ರಿಗೆ ನಾನು ಬರೀ ಕಾಗದ. ನಮ್ಮ ವಂಶಕ್ಕೆ ಅದು ಮೂರನೇ ಸಾವು. 1946ರಲ್ಲಿ ಬ್ರಿಟಿಷರು, 1978ರಲ್ಲಿ ಮೊರಾರ್ಜಿ, 2016ರಲ್ಲಿ ಮೋದಿ. ಯಾವ ಪಕ್ಷ ಬಂದರೂ ನಮ್ಮ ತಿಥಿ ತಪ್ಪಿದ್ದಲ್ಲ.

ಪ್ರಶ್ನೆ: ಕಪ್ಪುಹಣ ಹಿಡಿಯಲು ಮಾಡಿದ್ದು ಎಂದಿದ್ದರಲ್ಲ?

ನೋಟು: ರದ್ದಾದದ್ದು 15.41 ಲಕ್ಷ ಕೋಟಿ, ಬ್ಯಾಂಕಿಗೆ ವಾಪಸ್ ಬಂದದ್ದು 15.31 ಲಕ್ಷ ಕೋಟಿ. 2018ರಲ್ಲಿ ರಿಸರ್ವ್ ಬ್ಯಾಂಕೇ ಕೊಟ್ಟ ಲೆಕ್ಕ ಇದು. ಬಾರದೆ ಉಳಿದ ಶೇ 0.7ರಲ್ಲಿ ನಾನಿದ್ದೀನಿ. ಅಂದರೆ ಸಿಕ್ಕಿಬಿದ್ದ ಕಪ್ಪುಹಣ ಯಾವುದು ಗೊತ್ತಾಯ್ತಲ್ಲ? ಅಜ್ಜಿ ಹಾಲು ಮಾರಿ ಉಳಿಸಿದ್ದು! ಹಳ್ಳಿಯವರಿಗೆ ಗುರುತಿದ್ದದ್ದು ಡಿಸಿಸಿ ಬ್ಯಾಂಕು. ಹಳೇ ನೋಟು ಮುಟ್ಟಬೇಡಿ ಅಂತ ನವೆಂಬರ್ 14ಕ್ಕೆ ಅವರಿಗೂ ಆದೇಶ ಬಂತು.

ಪ್ರಶ್ನೆ: ಹಾಗಾಗಿ ಬಿಟ್‌ಕಾಯಿನ್ ಪಕ್ಷ ಸೇರಿದಿರಿ.

ನೋಟು: ಚೀಟಿ ಕಣ್ಣು ತೆರೆಸಿತು. 2008ರಲ್ಲಿ ಅಮೆರಿಕದ ಬ್ಯಾಂಕುಗಳು ಮಗುಚಿಬಿದ್ದಾಗ ಸತೋಶಿ ನಕಮೊಟೊ ಅನ್ನೋ ಹೆಸರಲ್ಲಿ ಯಾರೋ ಒಂದು ಬರಹ ಹೊರಬಿಟ್ಟರು. 2009ರ ಜನವರಿ 3ಕ್ಕೆ ಮೊದಲ ಬ್ಲಾಕ್ ಸಿದ್ಧವಾಯ್ತು. ಬ್ಯಾಂಕುಗಳಿಗೆ ಬ್ರಿಟನ್ ಸರ್ಕಾರ ಎರಡನೇ ಸಲ ದುಡ್ಡು ಸುರಿಯಲು ಹೊರಟಿದೆ ಅನ್ನೋ ಅವತ್ತಿನ ಪತ್ರಿಕೆಯ ತಲೆಬರಹವನ್ನೂ ಅದರೊಳಗೆ ಸೇರಿಸಿಟ್ಟಿದ್ದಾರೆ. ಒಟ್ಟು 2.1 ಕೋಟಿ ನಾಣ್ಯ, ಅದರ ಮೇಲೆ ಒಂದೂ ಇಲ್ಲ. ನಿಮ್ಮ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಯಾಕೆ ತಿರುಗಿಬಿದ್ದರು? ಗೇಣಿ ಅಳೆಯುವಾಗ ಒಡೆಯರ ಕೊಳಗ ದೊಡ್ಡದಾಗ್ತಿತ್ತು, ಅದಕ್ಕೆ. ರೂಪಾಯಿಯ ಕೊಳಗ ಇರೋದು ಸರ್ಕಾರದ ಕೈಲಿ. ನಮ್ಮ ಕೊಳಗಕ್ಕೆ ಒಡೆಯನೇ ಇಲ್ಲ.

ಪ್ರಶ್ನೆ: ಕೊಳಗಕ್ಕೆ ಒಡೆಯ ಇಲ್ಲದಿರಬಹುದು, ಕಣಜಕ್ಕೆ ಇದ್ದಾನಲ್ಲ? ಆ 2.1 ಕೋಟಿಯಲ್ಲಿ 1.9 ಕೋಟಿಗೂ ಹೆಚ್ಚು ಆಗಲೇ ಹೊರಬಂದಿದೆ. ಮೊದಲು ಬಂದವರು ತುಂಬಿಕೊಂಡಿದ್ದಾರೆ. ಈಗ ಬರುವವರು ಅವರು ಹೇಳಿದ ದರಕ್ಕೆ ಕೊಳ್ಳಬೇಕು.

ನೋಟು: ಮೊದಲು ಬಂದವರ ತ್ಯಾಗ ನಿಮಗೆ ಗೊತ್ತಿಲ್ಲ. 2010ರ ಮೇ 22ಕ್ಕೆ ಒಬ್ಬ ಮಹಾನುಭಾವ 10,000 ಬಿಟ್‌ಕಾಯಿನ್ ಕೊಟ್ಟು ಎರಡು ಪಿಜ್ಜಾ ತಿಂದ.

ಪ್ರಶ್ನೆ: ಅವನನ್ನು ಬಿಟ್ಟರೆ ಅದರಿಂದ ಊಟ ಕೊಂಡವರು ಯಾರಾದರೂ ಇದ್ದಾರೆಯೇ? ಶಿಕಾರಿಪುರದ ಸಂತೆಯಲ್ಲಿ ಒಂದು ಕಟ್ಟು ಸೊಪ್ಪು ಸಿಗುತ್ತದೆಯೇ?

ನೋಟು: ಸಂತೆಗೆ ತಗೊಂಡು ಹೋಗೋ ವಸ್ತು ಅಲ್ಲ ಅದು. ಇಟ್ಟುಕೊಳ್ಳೋದು.

ಪ್ರಶ್ನೆ: ಅಟ್ಟದ ಮೇಲೆ?

ನೋಟು: ಮುಂದಿನ ಪ್ರಶ್ನೆ ಕೇಳಿ.

ಪ್ರಶ್ನೆ: ದುಡಿಮೆಯ ಬಗ್ಗೆ ನಿಮ್ಮ ಅಭಿಪ್ರಾಯ?

ನೋಟು: ನನ್ನ ಬೆನ್ನು ತಿರುಗಿಸಿ ನೋಡಿ. ಸುಗ್ಗಿ, ಎಣ್ಣೆ ಬಾವಿ, ಉಕ್ಕಿನ ಕುಲುಮೆ, ಕಂಪ್ಯೂಟರ್ ಮುಂದೆ ಕೂತ ಹುಡುಗಿ. ಇಡೀ ದೇಶ ದುಡೀತಾ ಇದೆ ಅಂತ ಅಚ್ಚು ಹಾಕಿಸಿದ್ದು. ಆ ಹುಡುಗಿ 2000ನೇ ಇಸವಿಯಲ್ಲಿ ಕೂತವಳು ಇನ್ನೂ ಎದ್ದಿಲ್ಲ. ಯುವಕರು ವಾರಕ್ಕೆ 70 ಗಂಟೆ ದುಡೀಬೇಕು ಅಂತ ನಾರಾಯಣ ಮೂರ್ತಿಯವರು 2023ರಲ್ಲಿ ಹೇಳಿದರು. ಎಲ್ ಅಂಡ್ ಟಿ ಅಧ್ಯಕ್ಷರು 2025ರಲ್ಲಿ ಅದನ್ನ 90ಕ್ಕೆ ಕೂಗಿದರು. ಹರಾಜು ಇನ್ನೂ ಮುಗಿದಿಲ್ಲ. ನಮ್ಮ ಮೊಮ್ಮಗನೂ ಅಂಥದೇ ಕೆಲಸದಲ್ಲಿದ್ದಾನೆ. ದುಡಿದರೆ ಬೆಂಗಳೂರಿನಲ್ಲಿ ಸೈಟು ಆಗಲ್ಲ ಅಂತ ಗೊತ್ತಾಗಿ, ರಾತ್ರಿ ಎರಡು ಗಂಟೆಗೆ ಎದ್ದು ರೇಟು ನೋಡ್ತಾನೆ.

ಪ್ರಶ್ನೆ: ಹಗಲು ಪಾಳಿಯ ಜೊತೆಗೆ ರಾತ್ರಿ ಪಾಳಿಯೂ ಸೇರಿತು.

ನೋಟು: ಅದು ಪಾಳಿ ಅಲ್ಲ, ಸ್ವಾತಂತ್ರ್ಯ.

ಪ್ರಶ್ನೆ: ಬಿಟ್‌ಕಾಯಿನ್ ಹುಟ್ಟುವುದಕ್ಕೂ ಯಾರಾದರೂ ದುಡಿಯಲೇಬೇಕಂತೆ?

ನೋಟು: ಯಂತ್ರ ದುಡಿಯುತ್ತೆ. ಕರೆಂಟು ತಿಂದುಕೊಂಡು ಒಂದು ಅಂಕಿಯನ್ನ ಊಹೆ ಮಾಡ್ತಾ ಕೂರುತ್ತೆ. ಸುಮಾರು 10 ನಿಮಿಷಕ್ಕೊಮ್ಮೆ ಯಾರದೋ ಊಹೆ ಸರಿ ಬೀಳುತ್ತೆ, ಅವರಿಗೆ ಬಹುಮಾನ. 2024ರ ಏಪ್ರಿಲ್‌ನಿಂದ ಅದು 3.125 ಬಿಟ್‌ಕಾಯಿನ್.

ಪ್ರಶ್ನೆ: ನರೇಗಾದಲ್ಲಿ ಕೆರೆಯ ಹೂಳೆತ್ತಿದ ಹೆಂಗಸಿಗೆ 2024-25ರಲ್ಲಿ ದಿನಗೂಲಿ 349 ರೂಪಾಯಿ ಇತ್ತು. ಕೆಲಸ ಮಾಡಿದ್ದಕ್ಕೆ ಸಾಕ್ಷಿ ಬೇಕೆಂದು ದಿನಕ್ಕೆರಡು ಸಲ ಆ್ಯಪಿನಲ್ಲಿ ಅವಳ ಫೋಟೊ ಹಿಡಿಯುತ್ತಿದ್ದರು. ಅವಳು ಹೊತ್ತ ಬುಟ್ಟಿಯಿಂದ ಕೆರೆಯಲ್ಲಿ ನೀರು ನಿಲ್ಲುತ್ತದೆ. ಯಂತ್ರದ ಊಹೆಯಿಂದ?

ನೋಟು: ಲೆಕ್ಕದ ಪುಸ್ತಕ ಯಾರೂ ತಿದ್ದದ ಹಾಗೆ ಉಳಿಯುತ್ತೆ. ಸಣ್ಣ ವಿಷಯ ಅಲ್ಲ ಅದು. ಅವಳ ಕೂಲಿ ತಿಂಗಳುಗಟ್ಟಲೆ ಬಾಕಿ ಉಳಿಯೋದು ಸರ್ಕಾರದ ಪುಸ್ತಕದಲ್ಲಿ, ನಮ್ಮದರಲ್ಲಲ್ಲ.

ಪ್ರಶ್ನೆ: ನಿಮ್ಮ ಪುಸ್ತಕದಲ್ಲಿ ಅವಳ ಹೆಸರೇ ಇಲ್ಲವಲ್ಲ. ಇರಲಿ, ಸರ್ಕಾರ ನಿಮ್ಮವರನ್ನು ಒಪ್ಪಿಕೊಂಡಿದೆಯೇ?

ನೋಟು: ಬಗರ್‌ಹುಕುಂ ಜಮೀನು ಗೊತ್ತಲ್ಲ? ಫಾರಂ 50 ಹಾಕಿ, 53 ಹಾಕಿ, 57 ಹಾಕಿ ಕಾಯೋದು. ನಮ್ಮದೂ ಅದೇ ಕಥೆ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿ, ಬ್ಯಾಂಕುಗಳು ನಮ್ಮವರ ಹತ್ತಿರ ಸುಳಿಯದ ಹಾಗೆ ಮಾಡಿತು. 2020ರ ಮಾರ್ಚ್ 4ಕ್ಕೆ ಸುಪ್ರೀಂ ಕೋರ್ಟ್ ಅದನ್ನ ತಳ್ಳಿಹಾಕಿತು. ಗೆದ್ದೆವು ಅಂತ ಪಟಾಕಿ ಹೊಡೆದು ಮುಗಿಯೋದರೊಳಗೆ 2022ರ ಬಜೆಟ್ ಬಂತು. ಲಾಭಕ್ಕೆ ಶೇ 30 ತೆರಿಗೆ, ಮಾರಿದ್ದಕ್ಕೆ ಶೇ 1 ಟಿಡಿಎಸ್, ಒಂದರಲ್ಲಾದ ನಷ್ಟವನ್ನ ಇನ್ನೊಂದರ ಲಾಭದಲ್ಲಿ ಕಳೆಯೋ ಹಾಗಿಲ್ಲ. ಹಕ್ಕುಪತ್ರ ಮಾತ್ರ ಕೇಳಬೇಡಿ, ಕಂದಾಯ ಕಟ್ಟಿ.

ಪ್ರಶ್ನೆ: ಸರ್ಕಾರವೇ ಬೇಡ ಎನ್ನುವವರು ನ್ಯಾಯ ಕೇಳಲು ಸರ್ಕಾರದ ಕೋರ್ಟಿಗೆ ಹೋದಿರಲ್ಲ?

ನೋಟು: ಆಪತ್ತಿಗೆ ಹೋಗ್ತಾರಪ್ಪ! ಅದಿರಲಿ, ಸರ್ಕಾರ ಬೇಡ ಅನ್ನೋದು ಈ ತಾಲ್ಲೂಕಿಗೆ ಹೊಸದಾ? 1942ರಲ್ಲಿ ಈಸೂರಿನವರು ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಅಂದು, ಹುಡುಗರನ್ನೇ ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಮಾಡಿ ತಮ್ಮದೇ ರಾಜ್ಯ ನಡೆಸಲಿಲ್ವಾ? ನಾವೂ ಅದೇ ಸಾಲಿನವರು.

ಪ್ರಶ್ನೆ: ಅವರು ಸರ್ಕಾರ ಬೇಡ ಎನ್ನಲಿಲ್ಲ, ನಮ್ಮ ಸರ್ಕಾರ ಬೇಕು ಎಂದರು. 1943ರ ಮಾರ್ಚ್‌ನಲ್ಲಿ ಅದಕ್ಕಾಗಿ ಐವರು ಗಲ್ಲಿಗೇರಿದರು. ಅವರು ಯಾರ ಮಕ್ಕಳು, ಯಾವ ಮನೆಯವರು ಎಂದು ಊರಿಗೆಲ್ಲ ಗೊತ್ತು. ನಿಮ್ಮ ಸತೋಶಿ ಯಾರ ಮನೆಯವರು?

ನೋಟು: ಗೊತ್ತಿಲ್ಲದಿರೋದೇ ಅದರ ಶಕ್ತಿ! ಯಾರನ್ನೂ ನಂಬೋ ಅಗತ್ಯ ಇಲ್ಲ. ನಿಮ್ಮ ಮಲೆನಾಡಿನ ಮುಯ್ಯಾಳು ಪದ್ಧತಿ ನೆನಪು ಮಾಡಿಕೊಳ್ಳಿ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ನೋಟಿಲ್ಲ, ಬ್ಯಾಂಕಿಲ್ಲ, ಗವರ್ನರ್ ಇಲ್ಲ. ನಾಟಿ ನಿಂತಿತಾ?

ಪ್ರಶ್ನೆ: ನಿಲ್ಲಲಿಲ್ಲ, ನಿಜ. ಆದರೆ ಹೇಳಿದ ದಿನ ಆಳು ಬಾರದಿದ್ದರೆ ಅವನ ಮನೆ ಬಾಗಿಲು ತಟ್ಟಿ ಕೇಳಬಹುದಿತ್ತು. ಕಾಗೋಡಿನವರಿಗೂ ಒಡೆಯರ ಬಾಗಿಲು ಎಲ್ಲಿದೆ ಎಂದು ಗೊತ್ತಿತ್ತು. ನಾಳೆ ಗೆದ್ದಲು ಬಂದು ಈ ಚೀಟಿ ತಿಂದಿತು ಎನ್ನಿ. ಮೊಮ್ಮಗ ಯಾರ ಬಾಗಿಲು ತಟ್ಟಬೇಕು?

ನೋಟು: (ಚೀಟಿಯ ಕಡೆ ತಿರುಗಿ) ಏನಯ್ಯಾ, ಯಾರ ಬಾಗಿಲು?

ಚೀಟಿ: ಇಲ್ಲ ಮಾವ. ಹೋದರೆ ಹೋಯ್ತು. ಅದಕ್ಕೇ ಈ ಟ್ರಂಕಿಗೆ ನ್ಯಾಫ್ತಲಿನ್ ಗುಳಿಗೆ ಹಾಕಿರೋದು.

ಪ್ರಶ್ನೆ: ಕಾಗದವೇ ಬೇಡ ಎನ್ನುವ ಹಣವನ್ನು ಕೊನೆಗೆ ಕಾಯುತ್ತಿರುವುದು ಒಂದು ತುಂಡು ಕಾಗದ ಮತ್ತು ನಾಲ್ಕು ಗುಳಿಗೆ. ನಿಮ್ಮನ್ನು ಕೊಂದವರಿಗೆ ಹೆಸರಾದರೂ ಇದೆ. ಕೋರ್ಟಿಗೆ ಎಳೆಯಬಹುದು, ಚುನಾವಣೆಯಲ್ಲಿ ಸೋಲಿಸಬಹುದು, ಕಡೇಪಕ್ಷ ಬೈಯಬಹುದು.

ನೋಟು: ಬೈದು ಬೈದು ಹಣೆಯ ಗೆರೆ ಸವೆದಿದೆ ಮಾರಾಯ್ರೆ. ಯಾರು ಕೇಳಿಸಿಕೊಂಡರು?

ಪ್ರಶ್ನೆ: ಕೊನೆಯದಾಗಿ, ಓದುಗರಿಗೆ ಏನಾದರೂ ಸಂದೇಶ?

ನೋಟು: ಯಾರನ್ನೂ ನಂಬಬೇಡಿ. ಸರ್ಕಾರವನ್ನಂತೂ ಮೊದಲೇ ಬೇಡ. ಬರಕೊಂಡ್ರಾ? ಈಗ ಟೇಪು ಆರಿಸಿ. ನೀವು ಬೆಂಗಳೂರಿಗೆ ಹೋಗಿ ಬರ್ತಾ ಇರ್ತೀರಲ್ಲ, ಹಾಗೇ ನೃಪತುಂಗ ರಸ್ತೆಯ ರಿಸರ್ವ್ ಬ್ಯಾಂಕಿನ ಬಾಗಿಲು ತಟ್ಟಿ ಒಂದು ಮಾತು ವಿಚಾರಿಸಿ. ಗಡುವು ಮತ್ತೆ ಏನಾದ್ರೂ ಕೊಡ್ತಾರಂತಾ? ಸಾವಿರಕ್ಕೆ ಐನೂರು ಕೊಟ್ಟರೂ ಸಾಕು. ಒಳಗೆ ನಿಮಗೆ ಗುರುತಿನವರು ಯಾರಾದ್ರೂ ಇದ್ದಾರಾ?