ಆಕ್ಟೇವ್ ಮಾಸ್ಟ್ರು

ದಾವಣಗೆರೆ ಸೀಮೆಯಲ್ಲಿ ಆರತಕ್ಷತೆಗೆ ಹೋದವರೆಲ್ಲ ಅವರನ್ನು ನೋಡಿಯೇ ಇರುತ್ತೀರಿ. ವೇದಿಕೆಯ ಎಡಮೂಲೆ, ಮಿನುಗುವ ಕೋಟು, ರಾತ್ರಿಯಲ್ಲೂ ತಂಪು ಕನ್ನಡಕ, ಮುಂದೆ ಯಮಹಾ ಕೀಬೋರ್ಡು. ಆರ್ಕೆಸ್ಟ್ರಾದ ಬ್ಯಾನರಿನಲ್ಲಿ ಗಾಯಕ ಗಾಯಕಿಯರ ಫೋಟೊ ಇರುತ್ತದೆ, ಇವರದು ಇರುವುದಿಲ್ಲ. ಕೊಳಲು, ಶಹನಾಯಿ, ಸಿತಾರ್, ಪಿಟೀಲು ಅಂತ ಹತ್ತಾರು ಜನರ ಸಂಬಳ ಉಳಿಸಿದವರು ಇವರೇ. ಉಳಿದ ದುಡ್ಡು ಇವರ ಜೇಬಿಗೇನೂ ಬಂದಿಲ್ಲ, ಆ ಮಾತು ಬೇರೆ.

ಮಾಸ್ಟ್ರ ಶಾಸ್ತ್ರವೆಲ್ಲ ಎರಡು ಗುಂಡಿಗಳಲ್ಲಿದೆ: ಆಕ್ಟೇವ್ ಪ್ಲಸ್, ಆಕ್ಟೇವ್ ಮೈನಸ್. ಪಿಯಾನೋಗೆ 88 ಮನೆ, ಇವರ ಪೆಟ್ಟಿಗೆಗೆ 61. ಕಡಿಮೆ ಬಿದ್ದ 27 ಮನೆಯ ಕೊರತೆ ತುಂಬುವುದು ಆ ಗುಂಡಿಗಳೇ. ಪ್ಲಸ್ ಒತ್ತಿದರೆ 440 ಹರ್ಟ್ಸ್‌ನ ಸ್ವರ 880ಕ್ಕೆ ಏರುತ್ತದೆ. ಸ್ವರ ಅದೇ, ಸ್ಥಾಯಿ ಮಾತ್ರ ಬೇರೆ. ಇದೇನು ಜಪಾನಿನವರು ಹೊಸದಾಗಿ ಕಂಡುಹಿಡಿದದ್ದಲ್ಲ ಅಂತ ಮಾಸ್ಟ್ರು ಹೇಳುತ್ತಾರೆ, ನಿಜವೇ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ನಾಟಕ ಕಂಪನಿಯನ್ನು ಬೆಳೆಸಿದ ದಾವಣಗೆರೆಗೆ ಹಾರ್ಮೋನಿಯಂ ಹೊಸದಲ್ಲ. ಕಪ್ಲರ್ ಇದ್ದ ಪೆಟ್ಟಿಗೆಯಲ್ಲಿ ಒಂದು ಮನೆ ಒತ್ತಿದರೆ ಇನ್ನೊಂದು ಸ್ಥಾಯಿಯ ಅದೇ ಸ್ವರದ ಮನೆಯೂ ತಾನಾಗಿ ಕೆಳಗಿಳಿಯುತ್ತದೆ.

ಯಾವ ವಾದ್ಯವನ್ನು ಎಲ್ಲಿಡಬೇಕು ಅನ್ನುವುದರಲ್ಲಿ ಮಾಸ್ಟ್ರು ಕಟ್ಟುನಿಟ್ಟು. ಕೊಳಲನ್ನು ಎರಡು ಆಕ್ಟೇವ್ ಇಳಿಸಿದರೆ ನೆಗಡಿಯಾದ ಕೋಣ ಗೊರಕೆ ಹೊಡೆದಂತಿರುತ್ತದೆ; ಅಷ್ಟು ಕೆಳಗೆ ನಿಜವಾದ ಕೊಳಲಿಗೆ ದನಿಯೇ ಇಲ್ಲ. ಹೊಸ ಹುಡುಗರು ಇದನ್ನೆಲ್ಲ ರಿಜಿಸ್ಟ್ರೇಷನ್ ಮೆಮೊರಿಯಲ್ಲಿ ಮೊದಲೇ ತುಂಬಿಟ್ಟುಕೊಂಡು ಬರುತ್ತಾರೆ. ಮಾಸ್ಟ್ರಿಗೆ ಅದು ಅವಮಾನ. "ನೆನಪಿಡಾಕ ಮಿಷಿನ್ ಬೇಕಾ? ತಲಿ ಯಾಕೈತಿ?" ಅನ್ನುತ್ತಾರೆ. ಹಾಗೆಂದವರೇ ಕುಣಿತದ ಹಾಡಿಗೆ ಏರಿಸಿದ್ದನ್ನು ಇಳಿಸಲು ಮರೆತು, ಮುಂದಿನ ಭಕ್ತಿಗೀತೆಗೆ ಕೈಯಿಟ್ಟಾಗ ಕೊಳಲು ಸೀಟಿ ಹೊಡೆಯುತ್ತದೆ. ಮಾಸ್ಟ್ರು ತಟ್ಟನೆ ಸೌಂಡ್ ಸಿಸ್ಟಂ ಹುಡುಗನ ಕಡೆ ಕೆಂಗಣ್ಣು ಬಿಟ್ಟು, "ಏಯ್, ಮೈಕ್ ನೋಡಪ್ಪಾ!" ಅನ್ನುತ್ತಾರೆ. ಪಾಪ, ಆ ಹುಡುಗನೂ ಹೋಗಿ ಯಾವುದೋ ವೈರು ಅಲ್ಲಾಡಿಸುತ್ತಾನೆ.

ಹರಿಹರಕ್ಕೆ ಹೋದ ದಿನ ಅವರಿಗೆ ಒಂದು ಉಮೇದು ಜಾಸ್ತಿ. ಎಡಗೈಗೆ ಒಂದು ದನಿ, ಬಲಗೈಗೆ ಇನ್ನೊಂದು ಇಟ್ಟುಕೊಂಡು, "ಇದು ಸ್ಪ್ಲಿಟ್ ಅಂತ. ನಿಮ್ಮೂರ ದೇವ್ರು ಮೊದ್ಲೇ ಮಾಡ್ಯಾನ, ಅರ್ಧ ಹರಿ, ಅರ್ಧ ಹರ" ಎಂದು ಮೈಕಿನಲ್ಲೇ ಹೇಳುತ್ತಾರೆ. 1224ರಲ್ಲಿ ಹರಿಹರೇಶ್ವರನ ಗುಡಿ ಕಟ್ಟಿಸಿದ ಹೊಯ್ಸಳ ದಂಡನಾಯಕ ಪೋಲಾಳ್ವನಿಗೆ ಈ ವ್ಯಾಖ್ಯಾನ ಹೊಳೆದಿರಲಾರದು.

ಆದರೆ ಮಾಸ್ಟ್ರ ನಿಜವಾದ ವಿದ್ಯೆ ಕಾಣುವುದು ಹುಡುಗಿಯ ಸೋದರಮಾವ ವೇದಿಕೆ ಹತ್ತಿದಾಗ. ಪ್ರತಿ ಮದುವೆಯಲ್ಲೂ ಒಬ್ಬ ಇಂಥ ಮಾವ ಇರುತ್ತಾನೆ. ಅವನಿಗೆ ಅಣ್ಣಾವ್ರ ಹಾಡೇ ಬೇಕು, ಅದೂ ಮೂಲ ಶ್ರುತಿಯಲ್ಲೇ. ಎರಡು ಸಾಲು ಹಾಡಿ ಕತ್ತಿನ ನರ ಉಬ್ಬಿಸಿಕೊಂಡು, "ಮಾಸ್ಟ್ರೇ, ಸ್ವಲ್ಪ ಇಳಸ್ರಿ" ಅನ್ನುತ್ತಾನೆ. ನ್ಯಾಯವಾಗಿ ಈಗ ಒತ್ತಬೇಕಾದದ್ದು ಟ್ರಾನ್ಸ್‌ಪೋಸ್. ಅದು ಶ್ರುತಿಯನ್ನೇ ಒಂದೊಂದೇ ಮನೆ ಇಳಿಸುತ್ತದೆ. ಆದರೆ ಅದನ್ನು ಒತ್ತಿದರೆ ಗಿಟಾರಿನವನು ನಡುಹಾಡಿನಲ್ಲಿ ಕಾರ್ಡುಗಳನ್ನೆಲ್ಲ ಬದಲಿಸಬೇಕು, ಆಮೇಲೆ ಜಗಳ ಆಡುತ್ತಾನೆ. ಹಾಗಾಗಿ ಮಾಸ್ಟ್ರು ಗಂಭೀರವಾಗಿ ತಲೆಯಾಡಿಸಿ, ಎಡಗೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ, ಪಿಟೀಲಿಗೆ ಆಕ್ಟೇವ್ ಮೈನಸ್ ಒತ್ತುತ್ತಾರೆ. ಪಿಟೀಲು ದಪ್ಪಗಾಯಿತು, ಅಷ್ಟೇ. ಶ್ರುತಿ ಒಂದು ಕೂದಲೆಳೆಯೂ ಕದಲಿಲ್ಲ.

"ಹಾಂ, ಈಗ ಆರಾಮಾತು ನೋಡ್ರಿ!" ಎಂದು ಮಾವ ಅದೇ ಶ್ರುತಿಯಲ್ಲಿ, ಇಮ್ಮಡಿ ಧೈರ್ಯದಿಂದ ಹಾಡುತ್ತಾನೆ.

ಚರಣ ಬರುತ್ತದೆ. ಅಲ್ಲಿ ತಾರಷಡ್ಜ ಕಾದು ಕೂತಿದೆ. ಮಾವನ ದನಿ ಒಡೆಯುವುದಕ್ಕೆ ಅರೆಕ್ಷಣ ಮೊದಲು ಮಾಸ್ಟ್ರ ಬೆರಳು ಪ್ಲಸ್ ಮೇಲೆ ಬೀಳುತ್ತದೆ. ಒಂದು ಆಕ್ಟೇವ್ ಮೇಲಿನ ಶಹನಾಯಿ ಭರ್ತಿ ವಾಲ್ಯೂಮಿನಲ್ಲಿ ನುಗ್ಗಿ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಯಾವ ಮ್ಯಾನುಯಲ್‌ನಲ್ಲೂ ಈ ಉಪಯೋಗ ಬರೆದಿಲ್ಲ. ಮಂಟಪ ಚಪ್ಪಾಳೆ ತಟ್ಟುತ್ತದೆ. ಮಾವ ಕಣ್ಣೊರೆಸಿಕೊಂಡು ಗಾಯಕನಿಗೆ ಐನೂರರ ನೋಟು ಕೊಡುತ್ತಾನೆ. ಗಾಯಕ ಹಾಡಿಯೇ ಇರಲಿಲ್ಲ.

ನಿಮ್ಮ ಮನೆ ಮದುವೆಗೆ ಆರ್ಕೆಸ್ಟ್ರಾ ಹೇಳುವವರಿದ್ದರೆ ಗಾಯಕ ಯಾರು ಅಂತ ಆಮೇಲೆ ಕೇಳಿ. ಕೀಬೋರ್ಡಿಗೆ ಯಾರು ಬರುತ್ತಾರೆ ಅಂತ ಮೊದಲು ಕೇಳಿ. ಮತ್ತೆ ಅವರನ್ನು ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿ. ಪೆಟ್ಟಿಗೆ ಕಟ್ಟಿಟ್ಟು ಹನ್ನೊಂದೂವರೆಗೆ ಬರುವಷ್ಟರಲ್ಲಿ ಹೋಳಿಗೆ ಮುಗಿದಿರುತ್ತದೆ.