ಆ ಒಣ ಕೊಂಬೆ ಹಾಗೇ ಇರಲಿ, ಮೇಷ್ಟ್ರೇ

ಮೇಷ್ಟ್ರೇ, ಒಂದು ನಿಮಿಷ ಗೋಡೆ ಹತ್ತಿರ ಬರ್ತೀರಾ? ಹೂ ಕೊಯ್ಯೋದು ಮುಗಿಸಿಕೊಂಡೇ ಬನ್ನಿ, ಅವಸರ ಏನಿಲ್ಲ. ಭಾನುವಾರ ಮರ ಸವರೋರನ್ನ ಕರೆಸಿದ್ದೀರಂತೆ, ಬೇವಿನ ಮರದ ಆ ಒಣ ಕೊಂಬೇನೂ ತೆಗೆಸಿಬಿಡ್ತೀರಂತೆ. ಅಮ್ಮಾವ್ರು ಹೇಳಿದರು. ಅದರ ವಿಚಾರವಾಗಿಯೇ ನಾಲ್ಕು ಮಾತಾಡಬೇಕಿತ್ತು. ಅದಕ್ಕೆ ಮೊದಲು ಈ ಫೋಟೋ ನೋಡಿ. ಬಿಸಿಲಿಗೆ ಕಾಣಲ್ಲ, ಹೀಗೆ ನೆರಳಿಗೆ ಹಿಡೀತೀನಿ.

ಇದು ಬಿಜ್ಜು. ಹದ್ದಿನ ಮರಿ ಅಂತ ನೀವು ಅಂದಿದ್ದಿರಲ್ಲ, ಅದೇ ಹಕ್ಕಿ. ಮರಿಯಲ್ಲ, ಪೂರ್ತಿ ಬೆಳೆದದ್ದು. ಗಾತ್ರ ಇಷ್ಟೇ, ಹೆಚ್ಚುಕಡಿಮೆ ಪಾರಿವಾಳದಷ್ಟು. ಬೆನ್ನು ಬೂದಿ ಬಣ್ಣ. ಎದೆ ಬೆಳ್ಳಗಿದೆ, ಅದರ ಮೇಲೆ ಬಾಚಣಿಗೆಯನ್ನ ಕಾವಿಯಲ್ಲಿ ಅದ್ದಿ ಎಳೆದ ಹಾಗೆ ಅಡ್ಡಗೆರೆಗಳು. ಕಣ್ಣು ನೋಡಿ, ಕುಂಕುಮದ ಕೆಂಪು. ಕಣ್ಣು ಹೀಗೆ ಕೆಂಪಗಿದ್ದರೆ ಗಂಡು. ಹೆಣ್ಣಿನ ಕಣ್ಣು ಹಳದಿ ಕಡೆಗೆ ತಿರುಗಿರುತ್ತೆ, ಮೈಯಲ್ಲಿ ಅದು ಗಂಡಿಗಿಂತ ದೊಡ್ಡದು. ಇಂಗ್ಲಿಷಿನವರೂ ಇದಕ್ಕೆ ನಮ್ಮ ದೇಶದ ಹೆಸರನ್ನೇ ಇಟ್ಟುಕೊಂಡಿದ್ದಾರೆ, ಶಿಕ್ರಾ ಅಂತ. ಶಿಕಾರಿ ಅಂತೀವಲ್ಲ, ಅದೇ ಮಾತಿನ ನೆಂಟ.

ಇದು ನನಗೆ ಮೊದಲು ಗೊತ್ತಾಗಿದ್ದು ಅಳಿಲಿನಿಂದ. ಡಿಸೆಂಬರ್‌ನಲ್ಲಿ ಒಂದು ದಿನ ಬೆಳಿಗ್ಗೆ ನಮ್ಮ ಸೀಬೆ ಗಿಡದಲ್ಲಿ ಅಳಿಲು ಉಸಿರು ಬಿಡದೆ ಕೂಗ್ತಾ ಇತ್ತು. ಹಾವೇನೋ ಅಂತ ಕೋಲು ಹಿಡಿದು ಹೋದೆ. ನೆಲದಲ್ಲಿ ಏನೂ ಇಲ್ಲ. ತಲೆ ಎತ್ತಿದರೆ ನಿಮ್ಮ ಬೇವಿನ ಒಣ ಕೊಂಬೆ ಮೇಲೆ ಇವನು ಕೂತಿದ್ದಾನೆ, ಒಂದು ಕಾಲು ಹೊಟ್ಟೆಯೊಳಗೆ ಮಡಿಚಿಕೊಂಡು. ಓಡಿಹೋಗಿ ಕ್ಯಾಮೆರಾ ತಂದು ಹತ್ತು ಹನ್ನೆರಡು ಸಲ ಒತ್ತಿದೆ. ಒಂದೂ ಸರಿಯಾಗಿ ಬರಲಿಲ್ಲ. ಆವತ್ತು ಮಂಜು ಮುಸುಕಿತ್ತು, ಆಕಾಶ ಹಾಲಿನ ಹಾಗಿತ್ತು. ಹಿಂದೆ ಅಷ್ಟು ಬಿಳುಪಿದ್ದರೆ ಬೆಳಕು ಹೆಚ್ಚಾಯ್ತು ಅಂತ ಕ್ಯಾಮೆರಾ ತಾನೇ ತಗ್ಗಿಸಿಬಿಡುತ್ತೆ. ಎದುರಿನ ಹಕ್ಕಿ ಇದ್ದಿಲ ತುಂಡಾಗುತ್ತೆ. ಆಮೇಲಿಂದ ಅಂಥ ದಿನ ಎಕ್ಸ್‌ಪೋಷರ್ ಒಂದು ಒಂದೂವರೆ ಸ್ಟಾಪ್ ಏರಿಸಿಯೇ ತೆಗೀತೀನಿ. ಎದೆಯ ಗೆರೆ ಕಾಣಬೇಕಾದರೆ ಆಕಾಶ ಸುಟ್ಟು ಬೆಳ್ಳಗಾದರೂ ಪರವಾಗಿಲ್ಲ.

ಅದಕ್ಕಿಂತ ದೊಡ್ಡ ಕಷ್ಟ, ಹಿತ್ತಲಿಗೆ ಕಾಲಿಟ್ಟರೆ ಸಾಕು, ಹಾರಿಬಿಡೋದು. ವಾರ ಎರಡು ವಾರ ಹೀಗೇ ಆಯ್ತು. ಕೊನೆಗೆ ಅಡುಗೆಮನೆ ಕಿಟಕಿಗೆ ಅಮ್ಮನ ಹಳೇ ಸೀರೆ ಕಟ್ಟಿದೆ, ಲೆನ್ಸ್ ಹಿಡಿಸುವಷ್ಟು ಸಂದಿ ಬಿಟ್ಟೆ, ಒಳಗೆ ದೀಪ ಆರಿಸಿ ಸ್ಟೂಲ್ ಹಾಕಿಕೊಂಡು ಕೂತೆ. ಆ ಕಿಟಕಿ ಪಶ್ಚಿಮಕ್ಕಲ್ಲವೇ? ಏಳೂವರೆ ಹೊತ್ತಿಗೆ ಬಿಸಿಲು ನಮ್ಮ ಸೂರು ದಾಟಿ ನೇರವಾಗಿ ನಿಮ್ಮ ಬೇವಿನ ತುದಿಗೆ ಬೀಳುತ್ತೆ. ಇವನು ಅದೇ ಹೊತ್ತಿಗೆ ಬಂದು ಮೈ ಕಾಯಿಸಿಕೊಳ್ತಾನೆ. ರೆಕ್ಕೆ ಸಡಿಲ ಬಿಟ್ಟು, ಬಾಲದ ಒಂದೊಂದೇ ಗರಿಯನ್ನ ಕೊಕ್ಕಿನಲ್ಲಿ ಬುಡದಿಂದ ತುದಿಗೆ ನೇವರಿಸ್ತಾನೆ. ತೇಜಸ್ವಿಯವರು ಮೂಡಿಗೆರೆಯಲ್ಲಿ ಹಕ್ಕಿಗಳ ಫೋಟೋಗೆ ಮರೆಯಲ್ಲಿ ಕೂತು ಕಾದವರು. ಅವರ ಕಾಲದಲ್ಲಿ ಒಂದು ರೀಲಿಗೆ 36 ಚಿತ್ರ, ತೊಳೆಸಿ ತರೋವರೆಗೆ ಬಂದಿದೆಯೋ ಇಲ್ಲವೋ ತಿಳೀತಿರಲಿಲ್ಲ. ಆ ತಾಳ್ಮೆಯ ಬೆಲೆ ನನಗೆ ಅರ್ಥವಾಗಿದ್ದು ಆ ಸ್ಟೂಲಿನ ಮೇಲೆ ಕೂತಾಗ.

ಕೂತಿದ್ದಾಗ ತೆಗೆಯೋದು ಸುಲಭ, ಸೆಕೆಂಡಿನಲ್ಲಿ 500ರ ಒಂದು ಪಾಲು ಶಟರ್ ಸಾಕು. ಎರಗುವಾಗ 2000ದ ಒಂದು ಪಾಲು ಇಟ್ಟರೂ ರೆಕ್ಕೆ ತುದಿ ಮಸಕು. ಗಿಡುಗದ ಜಾತಿಯಲ್ಲವೇ, ರೆಕ್ಕೆ ಗಿಡ್ಡ, ಬಾಲ ಉದ್ದ. ಗಿಡಗಳ ಸಂದಿಯಲ್ಲಿ ಹೊಕ್ಕು ತಿರುಗೋದಕ್ಕೇ ಆದ ಮೈಕಟ್ಟು. ಈ ಇನ್ನೊಂದು ಚಿತ್ರ ನೋಡಿ, ಇದು ನನಗೆ ತುಂಬಾ ಇಷ್ಟ. ನಿಮ್ಮ ದಾಸವಾಳದಿಂದ ಓತಿಕ್ಯಾತ ಹಿಡಿದು ಗೋಡೆ ಮೇಲೇ ಇಳಿದಿದ್ದ. ನಾವೀಗ ಕೈ ಊರಿದ್ದೀವಲ್ಲ, ಇಲ್ಲೇ. ಎರಡೂ ರೆಕ್ಕೆ ಕೊಡೆ ಹಾಗೆ ಬಿಚ್ಚಿ ಬೇಟೆ ಮುಚ್ಚಿಕೊಂಡಿದ್ದಾನೆ, ಕಾಗೆ ಕಣ್ಣಿಗೆ ಬೀಳಬಾರದು ಅಂತ. ಇದು ಕೊಲ್ಲೋದು ಕೊಕ್ಕಿನಿಂದ ಅಂತ ನಾನು ಅಂದುಕೊಂಡಿದ್ದೆ. ಅಲ್ಲ, ಕಾಲಿನಿಂದ. ಹಳದಿ ಬೆರಳು ಬಿಗಿಯಾಗಿ ಹಿಡಿದು, ಸಡಿಲಿಸಿ, ಮತ್ತೆ ಬಿಗಿ ಹಿಡೀತಿತ್ತು. ಕೊಕ್ಕಿನ ಕೆಲಸ ಏನಿದ್ದರೂ ಹರಿಯೋದು. ಇನ್ನೊಂದರಲ್ಲಿ ಕಣ್ಣು ಹಾಲು ಬಿದ್ದ ಹಾಗಿದೆ ನೋಡಿ. ಚಿತ್ರ ಕೆಟ್ಟಿತು ಅಂತ ಅಳಿಸೋದಕ್ಕೆ ಹೊರಟಿದ್ದೆ. ಅದು ಕಣ್ಣಿನ ಮೂರನೇ ರೆಪ್ಪೆ, ಪಕ್ಕದಿಂದ ಪರದೆ ಎಳೆದ ಹಾಗೆ ಬಂದು ಹೋಗುತ್ತೆ. ಬರಿಗಣ್ಣಿಗೆ ನನಗೆ ಒಂದು ಸಲವೂ ಕಂಡಿರಲಿಲ್ಲ.

ಇದರ ಕೂಗನ್ನ ಕಾಜಾಣ ಕದ್ದುಕೊಂಡಿದೆ ಮೇಷ್ಟ್ರೇ! ಮೊನ್ನೆ ‘ಟೀ-ಟೂ, ಟೀ-ಟೂ’ ಕೇಳಿ ಕಾಫಿ ಲೋಟ ಅಲ್ಲೇ ಬಿಟ್ಟು ಓಡಿದರೆ ತಂತಿ ಮೇಲೆ ಕಾಜಾಣ ಕೂತಿದೆ, ಸುತ್ತಲಿನ ಗುಬ್ಬಿ, ಪಿಕಳಾರ ಎಲ್ಲ ಪರಾರಿ. ಇದರ ವೇಷ ಹಾಕಿಕೊಂಡಿರೋ ಒಂದು ಕೋಗಿಲೆ ಜಾತಿಯೂ ಇದೆ, ಅದೇ ಬೂದಿ ಮೈ, ಅದೇ ಪಟ್ಟೆ ಬಾಲ. ಬೇರೆ ಹಕ್ಕಿಗಳು ಇಷ್ಟು ಅನುಕರಿಸಬೇಕಾದರೆ ಇದಕ್ಕಿರೋ ಮರ್ಯಾದೆ ಎಷ್ಟಿರಬೇಕು.

ನಿಮ್ಮ ಮೊಮ್ಮಗಳು ಅವತ್ತು ಅತ್ತಿದ್ದು ನನಗೆ ಮರೆತಿಲ್ಲ, ಅಳಿಲು ತಿಂದುಬಿಡುತ್ತೆ ಅಂತ. ಸುಳ್ಳು ಹೇಳೋದಕ್ಕಾಗಲ್ಲ, ಅಳಿಲನ್ನೂ ಹಿಡಿಯುತ್ತೆ, ಸಣ್ಣ ಹಕ್ಕಿಯನ್ನೂ ಹಿಡಿಯುತ್ತೆ. ಓತಿಕ್ಯಾತ, ಇಲಿ, ಕೊಡತಿ ಹುಳು ಎಲ್ಲ ಅದರ ಊಟವೇ. ಹಾಗಂತ ನಮ್ಮ ಹಿತ್ತಲಿನ ಅಳಿಲೇನೂ ಮುಗಿದುಹೋಗಿಲ್ಲ, ಇವತ್ತೂ ನಿಮ್ಮ ಕಡಲೆಕಾಯಿ ಕದ್ದಿವೆ.

ಕಲ್ಯಾಣದ ಮೂರನೇ ಸೋಮೇಶ್ವರನ ಕತೆ ನೀವೇ ಹೇಳಿದ್ದಿರಿ. 1129ರ ಸುಮಾರಿನ ಮಾನಸೋಲ್ಲಾಸದಲ್ಲಿ ಗಿಡುಗ ಸಾಕಿ ಬೇಟೆಯಾಡೋದಕ್ಕೇ ಒಂದು ಅಧ್ಯಾಯ, ಶ್ಯೇನವಿನೋದ. ವಿಜಯನಗರದ ಸಾಳುವರ ಹೆಸರೂ ಬೇಟೆಗಿಡುಗದ್ದೇ ಅಂದಿರಿ. ಬಿಜ್ಜು ಬೇಗ ಪಳಗುತ್ತೆ ಅಂತ ಅದನ್ನೂ ಹಿಡಿದು ಕಾಲಿಗೆ ದಾರ ಹಾಕಿ ಕಾಡೆಗಳ ಮೇಲೆ ಬಿಡ್ತಿದ್ದರಂತೆ. ಈಗ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಹಿಡಿಯೋದೂ ಅಪರಾಧ, ಸಾಕೋದೂ ಅಪರಾಧ. ಒಳ್ಳೇದೇ ಆಯ್ತು. ಫೋಟೋ ಹುಚ್ಚಿನ ಸ್ನೇಹಿತರೊಬ್ಬರು ಬಂದಿದ್ದರು. ಒಂದು ಕೋಳಿಮರಿ ಕಟ್ಟಿಡು, ಎರಗೋದು ಚೆನ್ನಾಗಿ ಸಿಗುತ್ತೆ ಅಂದರು. ಇಲ್ಲ ಅಂದರೆ ಮೊಬೈಲಿನಲ್ಲಿ ಅದರ ಕೂಗು ಹಾಕು ಅಂದರು. ಎರಡಕ್ಕೂ ನಾನು ಒಪ್ಪಲಿಲ್ಲ. ಕರೆದು ಮೋಸ ಮಾಡಿ ತೆಗೆದ ಚಿತ್ರವನ್ನ ಯಾರಿಗೆ ತೋರಿಸಲಿ? ತನ್ನ ಪಾಡಿಗೆ ಬಂದಿದ್ದು ತನ್ನ ಪಾಡಿಗೆ ಹೋಗಬೇಕು.

ಈಗ ನಾನು ಹೇಳಬೇಕಾದ ಮಾತು. ಕಳೆದ ಸೋಮವಾರ ಎರಡು ಬಂದಿದ್ದವು. ಇನ್ನೊಂದರ ಕಣ್ಣು ಹಳದಿ, ಮೈಯಲ್ಲಿ ಇವನಿಗಿಂತ ದಪ್ಪ. ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಇವು ಗೂಡು ಕಟ್ಟೋ ಕಾಲ. ಕಾಗೆ ಗೂಡಿನಂಥದೇ ಕಡ್ಡಿಗೂಡು, ಮೂರೋ ನಾಲ್ಕೋ ಮೊಟ್ಟೆ, ಮೂರು ವಾರದೊಳಗೆ ಮರಿ. ಗೂಡು ಎಲ್ಲಿ ಅಂತ ನಾನು ಹುಡುಕಿಕೊಂಡು ಹೋಗಲ್ಲ, ಚಿತ್ರಾನೂ ತೆಗೆಯಲ್ಲ. ಆದರೆ ಅವು ಕೂತು ನೋಡೋದಕ್ಕೆ ಈ ಸುತ್ತಿನಲ್ಲಿ ಎಲೆಯಿಲ್ಲದ ಕೊಂಬೆ ಅಂತ ಉಳಿದಿರೋದು ಇದೊಂದೇ. ಎದುರುಗಡೆ ಸೈಟಿನ ಹೊಂಗೆ ಹೋದ ವರ್ಷವೇ ಹೋಯ್ತು.

ಕೆಳಗೆ ಕಾರು ನಿಲ್ಲಿಸ್ತೀರಿ, ಗಾಳಿಗೆ ಬಿದ್ದೀತು ಅನ್ನೋ ನಿಮ್ಮ ಭಯ ನ್ಯಾಯವಾದದ್ದೇ. ಅದಕ್ಕೊಂದು ದಾರಿ ಯೋಚಿಸಿದ್ದೀನಿ. ತುದಿಯ ತೆಳ್ಳಗಿನ ಭಾಗ ಕಡಿಸಿ ಹಗುರ ಮಾಡಿಸೋಣ, ಬುಡದ ಕಡೆ ಎರಡು ಮೊಳ ಬಿಡಿಸಿ. ಆ ಕೂಲಿ ನಾನು ಕೊಡ್ತೀನಿ. ಮಳೆಗಾಲ ಮುಗಿಯೋವರೆಗೆ ಕಾರು ನಮ್ಮ ಗೇಟಿನೊಳಗೆ ನಿಲ್ಲಿಸಿ, ಜಾಗ ಇದೆ. ಭಾನುವಾರ ಆ ಮನುಷ್ಯ ಬಂದಾಗ ಒಂದು ಕೂಗು ಹಾಕಿ ಮೇಷ್ಟ್ರೇ, ಎಲ್ಲಿಗೆ ಕಡಿಯಬೇಕು ಅಂತ ನಾನೇ ಬಂದು ತೋರಿಸ್ತೀನಿ.